ಬಿಟ್ಟು ಬರೆದದ್ದು

ಸ್ವೆಟರಿಗೆ ಇಂಗಿನ ವಾಸನೆ ಹತ್ತಿದೆಯೇನೋ, ಕೋರ್ಟಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂತರೆ ಏನು ಮಾಡಲಿ? ಬೆಳಿಗ್ಗೆ ಹೂರಣ ರುಬ್ಬುತ್ತಾ ನನಗಿದ್ದ ಚಿಂತೆ ಇಷ್ಟೇ. ಮಾವನನ್ನು ಈ ದೇಶದಲ್ಲಿ ಉಳಿಸಿಕೊಳ್ಳುವ ಕೊನೆಯ ವಾದ ಅಂದು. ನಾನು ಸ್ವೆಟರು ಮೂಸುತ್ತಿದ್ದೆ.

"ಬಿಂದು, ಸ್ನಾನ ಆಯ್ತೇನಮ್ಮಾ? ಮೈಲಿಗೇಲಿ ಮುಟ್ಟಿದ್ರೆ ಅಷ್ಟನ್ನೂ ಟ್ರಾಶಿಗೆ ಹಾಕಿಸ್ತೀನಿ, ನೋಡು," ರಾಘವೇಂದ್ರ ಅಂಕಲ್ ಮೆಟ್ಟಿಲ ಮೇಲಿಂದಲೇ ಹೇಳಿದರು.

ಆಯ್ತು ಅಂಕಲ್ ಎಂದೆ. ಜಯರಾಮು ಮಾವ ತಲೆ ಎತ್ತದೆ ಕಣಕ ನಾದುತ್ತಿದ್ದ.

ಮ್ಯಾನ್‌ಹ್ಯಾಟನ್‌ನಿಂದ ಗಂಟೆ ದಾರಿಯ ಜೆರಿಕೋ ಊರಲ್ಲಿ, ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ ನಮ್ಮ ವಾಸ. ಅಲ್ಲೇ ಅವರ ಮಡಿ ಅಡುಗೆಯ ಕೇಟರಿಂಗ್. ಸುತ್ತಲಿನ ಸತ್ಯನಾರಾಯಣ ಪೂಜೆಗಳಿಗೆಲ್ಲ ಹೋಳಿಗೆ ಹೋಗುವುದು ಮಾವನ ಕೈಯಿಂದ. ಮಾವನ ಹೊಟ್ಟೆಗೆ ಈರುಳ್ಳಿ ಆಗುವುದಿಲ್ಲ. ಅಂಕಲ್ ಪರಿಚಯವಾದ ಮೊದಲ ದಿನ ಹೋಟೆಲಿನಲ್ಲಿ ಅವನು ಅದನ್ನು ತಟ್ಟೆಯ ಅಂಚಿಗೆ ಸರಿಸಿದ್ದನ್ನು ನೋಡಿ ಅಂಕಲ್, ನಮ್ಮವರೇ ಎಂದು ತಾವೇ ತೀರ್ಮಾನಿಸಿಬಿಟ್ಟರು. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಊರಿನಲ್ಲಿ ಮಾವ ಶಾಲೆಯ ಬಿಸಿಯೂಟ ಬೇಯಿಸುತ್ತಿದ್ದ. ಹೊಲಗೇರಿಯವನ ಅನ್ನ ನಮ್ಮ ಮಕ್ಕಳು ತಿನ್ನಬೇಕಾ ಎಂದು ಮೇಲ್ಜಾತಿಯವರು ಅವನನ್ನು ಬಡಿದು, ಮನೆಗೆ ಬೆಂಕಿ ಇಟ್ಟರು. ಆಶ್ರಯದ ಅರ್ಜಿಗೆ ಅವನ ಹೇಳಿಕೆಯನ್ನು ಇಂಗ್ಲಿಷಿಗೆ ಮಾಡಿದವಳು ನಾನು, ಎಂ.ಎ. ಓದಿದವಳು. ಕಳಿಸುವ ಮುಂಚೆ ತಾವು ಓದಿ ತಿದ್ದುವುದಾಗಿ ಅಂಕಲ್ ಹೇಳಿದ್ದರು. ಜಾತಿಯನ್ನು ಬಿಟ್ಟು, ಊರ ರಾಜಕೀಯದ ಜಗಳ ಎಂದು ಬರೆದೆ. ಅಂಕಲ್ ಎರಡು ಅಲ್ಪವಿರಾಮ ಸೇರಿಸಿದರು. ಮಾವ ನನ್ನನ್ನು ನಂಬಿ ಸಹಿ ಹಾಕಿದ.

ಊರ ಜಗಳಕ್ಕೆ ಆಶ್ರಯವಿಲ್ಲ ಎಂದು ಅರ್ಜಿ ಬಿದ್ದುಹೋಯಿತು. ಆಮೇಲೆ ಸಿಕ್ಕ ವಕೀಲೆಗೆ ಮಾವನೇ ದುಭಾಷಿಯ ಮೂಲಕ ನಿಜ ಹೇಳಿದ. ಅರ್ಜಿಯನ್ನು ಮತ್ತೊಮ್ಮೆ ನೋಡಿ ಎಂದು ಆಕೆ ಕೇಳಿದಳು. ಜಾತಿಯ ವಿಷಯ ಮೊದಲೇ ಏಕೆ ಹೇಳಲಿಲ್ಲ ಎಂದು ಅದೂ ಬಿದ್ದುಹೋಯಿತು. ಮತ್ತೆ ನೋಡುವುದಿಲ್ಲ ಎಂದದ್ದು ಸರಿಯೇ ಎಂಬುದನ್ನಷ್ಟೇ ಈಗ ಮ್ಯಾನ್‌ಹ್ಯಾಟನ್‌ನ ಕೋರ್ಟು ನೋಡಬೇಕಿತ್ತು.

ಮಧ್ಯಾಹ್ನದ ಆರ್ಡರಿಗೆ ತಡವಾಗಬಾರದೆಂದು ಅಂಕಲೇ ಡ್ರೈವ್ ಮಾಡಿ ಕರೆತಂದು, ನಮ್ಮ ಜೊತೆಯೇ ಬೆಂಚಿನಲ್ಲಿ ಕೂತರು.

"ನನ್ ಬೆನ್ ಮ್ಯಾಲಿನ್ ಬರೆ ಯಾರೂ ನೋಡಾಕಿಲ್ವಾ ಮಗ?" ಮಾವ ಪಿಸುಗುಟ್ಟಿದ.

"ಇಲ್ಲ ಮಾವ. ಕಾಗ್ದ ಮಾತ್ರ."

"ಥೂ, ಇವರವ್ವನ. ಮತ್ಯಾಕ್ ಅಂಗಿ ಇಸ್ತ್ರಿ ಮಾಡ್ಸ್ದೆ?"

ವಕೀಲೆಗೆ ಹತ್ತು ನಿಮಿಷ. ಕಕ್ಷಿದಾರರು ದಲಿತರು ಎಂದು ಆಕೆ ಶುರು ಮಾಡುತ್ತಿದ್ದಂತೆ, ಇದು ಆಮೇಲೆ ಹೊಳೆದ ಕಥೆಯ ಹಾಗಿದೆಯಲ್ಲ ಎಂದು ಮೂವರು ನ್ಯಾಯಾಧೀಶರಲ್ಲಿ ಒಬ್ಬರು ಕೇಳಿದರು. ಆಕೆ ಹಾಳೆ ತಿರುವಿದಳು.

ಅಂಕಲ್ ನನ್ನ ಕಡೆ ಬಗ್ಗಿದರು. ಮುಖದ ತುಂಬ ಮೆಚ್ಚುಗೆ. "ಭೇಷ್ ಕಣಮ್ಮಾ. ದಲಿತರು ಅಂತ ಹಾಕ್ಸಿದೀರಾ? ಬ್ರಿಲಿಯಂಟ್ ಐಡಿಯಾ. ಗ್ರೀನ್ ಕಾರ್ಡಿಗೋಸ್ಕರ ಏನೇನು ಆಗ್ಬೇಕಪ್ಪಾ."

ಮಾವ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡ.

ನಾನು ಎದ್ದು ನಿಂತೆ. ಕಾವಲಿನವನು ಕೂರುವಂತೆ ಕೈ ಮಾಡಿದ. ವಕೀಲೆಯ ಮಾತು ನಿಂತಿತು.

"ಐಡಿಯಾ ಅಲ್ಲ ಅಂಕಲ್," ಎಂದೆ, ಕನ್ನಡದಲ್ಲೇ, ಕೋರ್ಟಿಗೆಲ್ಲ ಕೇಳುವ ಹಾಗೆ. "ನಾವು ಹೊಲೇರು. ನಿಮ್ಗೆ ಹೆದ್ರಿ ನಾನೇ ಬಿಟ್ಟು ಬರೆದೆ."