ಕಾರ್ಡಿನ ಮೇಲೆ ಉಳಿದ ಕಿವಿ

ಫಿನಾಯಿಲ್ ವಾಸನೆ ಇವತ್ತು ಗಂಟಲಿಗೇ ಇಳಿದಿದೆ, ಮುಂದೆ ಆರು ಜನ, ಆಮೇಲೆ ನಾನು, ಹೊಸ ಸೂಪರ್‌ವೈಸರ್ ವೇದವತಿ ಮೇಡಂ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿದ್ದಾರೆ — ಇವತ್ತಿಂದ ಹಾಜ್ರಿಗೆ ಕಾರ್ಡ್ ಬೇಡ ಕಣ್ರಪ್ಪ, ಒಂದ್ಸಲ ಮುಖ ತೋರ್ಸಿ ಹೆಸ್ರು ಹೇಳಿ, ಮೊಬೈಲೇ ಸೇರಿಸ್ಕೊತದೆ, ಅಷ್ಟೇ — ಅಷ್ಟೇ ಅಂತೆ, ನನ್ನ ಹೆಬ್ಬೆರಳು ಮಾತ್ರ ತಾನಾಗಿ ಕಾರ್ಡಿನ ಫೋಟೋ ಮೇಲೆ ಹೋಗಿ ಕೂತಿದೆ, ರವಿಚಂದ್ರನ ಫೋಟೋ, ನನ್ನದಲ್ಲ, ಮೂರು ವರ್ಷದ ಹಿಂದೆ ಅವನು ಹೇಳದೆ ಕೇಳದೆ ಕೆಲಸ ಬಿಟ್ಟ ವಾರವೇ ನಾನು ಈ ಆಸ್ಪತ್ರೆಯ ನೆಲ ಒರೆಸಲು ಬಂದೆ, ಹೊಸ ಕಾರ್ಡಿಗೆ ತಿಂಗಳಾಯ್ತದೆ, ಅಲ್ಲೀಗಂಟ ಇದನ್ನೇ ಇಟ್ಕೊ, ರವಿಚಂದ್ರ ಅಂತ ಕೂಗಿದ್ರೆ ಇದೀನಿ ಅನ್ನು ಅಂದ ಕಂಟ್ರಾಕ್ಟರ್, ಅಂದೆ, ಆ ತಿಂಗಳು ಬರಲಿಲ್ಲ, ಆ ಕಂಟ್ರಾಕ್ಟರೂ ಹೋದ, ಯಾರಿಗೂ ಕಾಣದಿರಲಿ ಎಂದು ಒದ್ದೆ ಹೆಬ್ಬೆರಳಿನಿಂದ ದಿನಾ ಮುಚ್ಚಿ ಮುಚ್ಚಿ ಫೋಟೋದಲ್ಲಿ ಅವನ ಕಣ್ಣು ಅಳಿಯಿತು, ಮೂಗು ಅಳಿಯಿತು, ಬಾಯಿ ಅಳಿಯಿತು, ಈಗ ಬರೀ ಬಿಳಿ, ಅದರ ಅಕ್ಕಪಕ್ಕ ಎರಡು ಕಿವಿ — ಐದು ಜನ — ಹಿಂದೆ ನಿಂತ ಸಾಕಮ್ಮಕ್ಕ ಬೆನ್ನಿಗೆ ತಿವಿಯುತ್ತಾಳೆ, ನಡಿಯೋ ರವಿ, ಮದ್ವೆಗಂಡಿನ ತರ ನಿಂತ್ಬುಟ್ಟೆಯಲ್ಲ, ನಕ್ಕೆ, ನಕ್ಕವನು ರವಿ, ಭಾನುವಾರ ನಜರ್‌ಬಾದಿನ ಬೀದಿಯಲ್ಲಿ ತಂಗಿ ಮಾಲಾ ಹಿಂದಿನಿಂದ ಪ್ರೇಮಣ್ಣ, ಪ್ರೇಮಣ್ಣ ಎಂದು ಕೂಗುತ್ತ ಬಂದಳು, ಕೇಳಿಸುತ್ತಿತ್ತು, ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ನಡೆಯುತ್ತಲೇ ಇದ್ದೆ, ಅಂಗಿ ಹಿಡಿದೆಳೆದಳು, ಏನಣ್ಣ, ಕಿವಿ ಹೋಗ್ಬುಡ್ತಾ ನಿಂಗೆ, ಅದೇ ಸಂಜೆ ಆಟೋದವನೊಬ್ಬ ಇನ್ನಾರಿಗೋ ಲೋ ರವಿ ಅಂದಾಗ ಥಟ್ಟನೆ ತಿರುಗಿದೆ — ಮೂರು ಜನ — ಪ್ರೇಮ್‌ಕುಮಾರ್ ಅಂದರೆ ಇಲ್ಲೇ ಯೂನಿಫಾರಂ ಬಿಚ್ಚಿಕೊಟ್ಟು ಗೇಟಿನಾಚೆ, ಇಷ್ಟು ವರ್ಷ ಮೋಸ ಮಾಡಿದೆಯಾ ಅನ್ನುತ್ತಾರೆ, ಮಾಲಾಳ ಓದು ನಿಲ್ಲುತ್ತದೆ, ರವಿಚಂದ್ರ ಅಂದರೆ ಈ ಮುಖವೂ ಅವನದಾಗುತ್ತದೆ, ಅವನು ಎಲ್ಲಿದ್ದಾನೋ, ಏನು ಮಾಡಿ ಓಡಿದನೋ, ನಾಳೆ ಅವನನ್ನು ಹುಡುಕಿಕೊಂಡು ಬಂದವರು ಹಿಡಿಯುವುದು ನನ್ನನ್ನು, ನಾನಲ್ಲ ಅನ್ನಲು ಯಾವ ಮುಖ ತೋರಿಸಲಿ — ಒಬ್ಬ, ಅವನದೂ ಆಯಿತು — ಹತ್ರ ಬಾಪ್ಪ, ಕಣ್ಣು ಬುಡು ಸರ್ಯಾಗಿ, ಹೆಸ್ರು, ಮೊಬೈಲಿನೊಳಗೆ ಹಸಿರು ಉಂಗುರ, ಪ್ರೇಮ್ ಎಂದು ತುಟಿ ಕೂಡಿಸಿದ್ದೆ, ಖಂಡಿತ ಕೂಡಿಸಿದ್ದೆ, ಹೊರಗೆ ಬಿದ್ದದ್ದು ರವಿಚಂದ್ರ ಮೇಡಂ, ಟಿಣ್ ಅಂತು, ಆಯ್ತು ಹೋಗು, ಮುಂದಿನವ್ರು ಬನ್ನಿ, ಸಾಕಮ್ಮಕ್ಕ ತಳ್ಳುತ್ತಾಳೆ, ಸರಿಯೋ ರವಿ, ಸರಿಯೋ, ಉಂಗುರದೊಳಗೆ ಕಣ್ಣು ಹುಡುಕುತ್ತೇನೆ, ಬಾಯಿ ಹುಡುಕುತ್ತೇನೆ, ಬಿಳಿ, ಬಿಳಿಯ ಅಕ್ಕಪಕ್ಕ ಎರಡು ಕಿವಿ