ಸಾವಿನ ಮನೆಯ ಬಾಣಲೆ

ಮಿಮ್ಮಾ ಹಿಟ್ಟಿನ ಒಂದು ಚೂರನ್ನು ಬಾಣಲೆಗೆ ಹಾಕಿ ನೋಡಿದಳು. ಚೂರು ತಳಕ್ಕೆ ಹೋಗಿ ಕೂತಿತು, ಮೇಲೇಳಲಿಲ್ಲ. ಎಣ್ಣೆ ಇನ್ನೂ ಕಾಯಬೇಕು. ಪಕ್ಕದ ಉರಿಯ ಮೇಲೆ ಸಣ್ಣ ಪಾತ್ರೆಯಲ್ಲಿ ದ್ರಾಕ್ಷಿಪಾಕ ಕಪ್ಪಗೆ, ಗಟ್ಟಿಯಾಗಿ ಕುದಿಯತೊಡಗಿತ್ತು. ಮೇಜಿನ ಮೇಲೆ ಒಂದು ತಟ್ಟೆಯ ತುಂಬ ಕ್ರಿಸ್ಮಸ್ಸಿನ ಸಿಹಿ ಕಾರ್ತೆಲ್ಲಾತೆಗಳು ಕರಿಯಲು ಸಿದ್ಧವಾಗಿದ್ದವು. ಹಿಟ್ಟನ್ನು ಬಿಸಿ ವೈನಿನಲ್ಲಿ ನಾದಿ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಪಟ್ಟಿಪಟ್ಟಿಯಾಗಿ ಕತ್ತರಿಸಿ, ಚಿವುಟಿ ಚಿವುಟಿ ಗುಲಾಬಿಯ ಹಾಗೆ ಸುತ್ತಿದ್ದು. ರಾತ್ರಿಯೆಲ್ಲ ಒಣಗಿ ಗರಗರ ಎನ್ನುತ್ತಿದ್ದವು.

ಅತ್ತೆ ಅರ್ಕಾಂಜೆಲಾ ತನ್ನ ಕೋಣೆಯಿಂದ ಊರುಗೋಲು ಊರುತ್ತ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ತಲೆಯಿಂದ ಕಾಲಿನವರೆಗೆ ಸೂತಕದ ಕಪ್ಪು ಬಟ್ಟೆ.

"ಇದೇನೇ ವಾಸನೆ?"

"ಎಣ್ಣೆ, ಅತ್ತೆ."

"ಅವನು ಹೋಗಿ ಇನ್ನೂ ಒಂದು ವರ್ಷ ತುಂಬಿಲ್ಲ."

"ಗೊತ್ತು."

"ಗೊತ್ತಿದ್ದೂ ಬಾಣಲೆ ಇಟ್ಟಿದೀಯಾ? ನಿನಗೆ ತಲೆಗಿಲೆ ಕೆಟ್ಟಿದೆಯಾ?"

ಮಿಮ್ಮಾ ಇನ್ನೊಂದು ಚೂರು ಹಿಟ್ಟು ಹಾಕಿದಳು.

ನಮ್ಮೂರಲ್ಲಿ ಸಾವಾದ ಮನೆಯವರು ಕ್ರಿಸ್ಮಸ್ಸಿಗೆ ಬಾಣಲೆ ಇಡುವುದಿಲ್ಲ. ಎಣ್ಣೆಯ ವಾಸನೆ ಸುಮ್ಮನಿರುವಂಥದ್ದಲ್ಲ. ಇಕ್ಕಟ್ಟಿನ ಬೀದಿ, ಒಂದು ಮನೆಯಲ್ಲಿ ಕರಿದರೆ ಹತ್ತು ಮನೆಗೆ ಗೊತ್ತು. ದುಃಖದ ಮನೆಗೆ ಅಕ್ಕಪಕ್ಕದವರು ಕರಿದ ಸಿಹಿಯ ತಟ್ಟೆ ತಂದುಕೊಡುತ್ತಾರೆ. ಆ ಮನೆಯವರು ತೆಗೆದುಕೊಳ್ಳಬೇಕು, ತಿರುಗಿ ಕೊಡಬಾರದು. ಅತ್ತೆಯ ಹಿರಿಮಗ ವೀತೊ ಮಾರ್ಚಿನಲ್ಲಿ ಆಲಿವ್ ಮರ ಸವರುವಾಗ ಏಣಿಯಿಂದ ಬಿದ್ದು ಸತ್ತಿದ್ದ. ಅವನ ಹೆಂಡತಿ ಮಿಮ್ಮಾಳ ಮನೆಗೂ ವಾರದಿಂದ ತಟ್ಟೆಗಳು ಬರುತ್ತಲೇ ಇದ್ದವು. ಕಪಾಟಿನ ಮೇಲೆ ಬಟ್ಟೆ ಮುಚ್ಚಿಕೊಂಡು ಸಾಲಾಗಿ ಕೂತಿದ್ದವು.

ತಟ್ಟೆಗಳನ್ನಾದರೂ ಮಿಮ್ಮಾ ಸಹಿಸುತ್ತಿದ್ದಳೋ ಏನೋ. ತಟ್ಟೆಯ ಜೊತೆಗೆ ಬರುತ್ತಿದ್ದ ಮಾತನ್ನು ಸಹಿಸಲಾಗಲಿಲ್ಲ. "ಬಂಗಾರದಂಥ ಮನುಷ್ಯ ಕಣೇ, ಮಿಮ್ಮಾ." ಪ್ರತಿ ತಟ್ಟೆಗೂ ಅದೇ ಮಾತು. ಎದುರುಮನೆ ರಫಯೆಲ್ಲಾ ಅಂತೂ ಕಣ್ಣೊರೆಸಿಕೊಂಡೇ ಹೇಳಿದಳು. ಅದೇ ರಫಯೆಲ್ಲಾ ಮಿಮ್ಮಾ ಕೂಗಿಕೊಂಡ ರಾತ್ರಿಗಳಲ್ಲಿ ಕಿಟಕಿ ಹಾಕಿಕೊಳ್ಳುತ್ತಿದ್ದಳು. ಮಿಮ್ಮಾಳ ಎಡಗಿವಿ ಈಗ ಕೇಳಿಸುವುದಿಲ್ಲ. ಹೋದ ಕ್ರಿಸ್ಮಸ್ಸಿಗೆ ಕಾರ್ತೆಲ್ಲಾತೆ ಮೆತ್ತಗಾಗಿದೆ ಎಂದು ವೀತೊ ತಟ್ಟೆಯನ್ನು ಗೋಡೆಗೆ ಬಡಿದು, ಅವಳನ್ನು ಮಂಡಿಯೂರಿಸಿ, ನೆಲದ ಮೇಲಿನ ಚೂರುಗಳನ್ನು ಬಾಯಿಂದಲೇ ಎತ್ತಿ ತಿನ್ನಿಸಿದ್ದ. ಬಂಗಾರವಂತೆ! ರಫಯೆಲ್ಲಾ ಬಾಗಿಲು ದಾಟುವ ಮೊದಲೇ ಮಿಮ್ಮಾ ಹಿಟ್ಟಿನ ಡಬ್ಬಿಗೆ ಕೈಹಾಕಿದ್ದಳು.

"ಆರಿಸು," ಅತ್ತೆ ಹೇಳಿದಳು.

"ಇಲ್ಲ ಅತ್ತೆ. ನಿಮ್ಮ ಮಾತನ್ನ ಇಷ್ಟು ವರ್ಷ ಕೇಳಿದೀನಿ. ಕಪ್ಪು ಉಡು ಅಂದ್ರಿ, ಉಟ್ಟೆ. ಸಮಾಧಿಗೆ ಹೂವಿಡು ಅಂದ್ರಿ, ಇಟ್ಟೆ. ಈ ಮನೆ ಒಳಗೆ ಮಾತ್ರ ನಾನು ಅವನಿಗೋಸ್ಕರ ಅಳಲ್ಲ. ಇದೊಂದು ಬಿಟ್ಟುಬಿಡಿ."

"ಈ ಮನೆ ನನ್ನದು."

"ನಿಮ್ಮದೇ. ಬೇಡ ಅಂದ್ರೆ ಆಚೆ ಹಾಕಿ. ಹೋಗೋಕೆ ನನಗೆ ಬೇರೆ ಮನೆ ಇಲ್ಲ, ಅದೂ ನಿಮಗೆ ಗೊತ್ತು."

ಮುದುಕಿ ಊರುಗೋಲೆತ್ತಿ ಪಕ್ಕದ ಗೋಡೆಗೆ ಕುಟ್ಟಿದಳು. ಗೋಡೆಯಾಚೆ ಕಿರಿಮಗ ಸವೇರಿಯೊನ ಮನೆ. ಆ ಗೋಡೆ ಎಷ್ಟು ತೆಳುವೆಂದರೆ ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳಿಸುತ್ತದೆ.

ಅವನು ಊಟದ ನಡುವೆ ಎದ್ದು ಬಂದಿದ್ದ. ಬಾಗಿಲನ್ನು ಕಾಲಿನಿಂದಲೇ ತೆರೆದ. ಬಾಣಲೆ ನೋಡಿದ, ತಟ್ಟೆ ನೋಡಿದ, ನಕ್ಕ.

"ಏನು ಅತ್ತಿಗೆಮ್ಮ, ಹಬ್ಬ ಜೋರಾ? ನಮಗೆ ಕರೆಯೋಲೆ ಬರಲೇ ಇಲ್ಲ."

"ವಾಸನೆ ಬಂತಲ್ಲ. ಅದೇ ಕರೆಯೋಲೆ."

"ನಮ್ಮಣ್ಣ ಮಣ್ಣಲ್ಲಿ ಮಲಗಿದಾನೆ, ನೀನು ಸಿಹಿ ಕರೀತಾ ನಿಂತಿದೀಯಾ? ಬೀದಿ ಏನನ್ನುತ್ತೆ?"

"ಬೀದಿ ಏನೂ ಅನ್ನಲ್ಲ. ನಾನು ಕೂಗಿಕೊಂಡಾಗ ಏನಂದಿತ್ತು?"

ಅವಳ ಕೆನ್ನೆಗೆ ಬಿದ್ದ ಏಟಿಗೆ ಅವಳು ಹೋಗಿ ಬಡಿದು ಮೇಜು ಅಲುಗಿತು. ಉಳಿದವು ಎಲ್ಲಿ ಎಂದು ಕೇಳುತ್ತ ಅವನು ಅವಳ ಮಲಗುವ ಕೋಣೆಗೆ ನುಗ್ಗಿದ. ಜೋಡಿಮಂಚದ ಮೇಲೆ ಬಿಳಿ ದುಪ್ಪಟಿ ಹಾಸಿ ಮಿಮ್ಮಾ ಕಾರ್ತೆಲ್ಲಾತೆಗಳನ್ನು ಒಣಗಲು ಹರಡಿದ್ದಳು. ಎಲ್ಲರ ಮನೆಯಲ್ಲೂ ಮಂಚದ ಮೇಲೇ ಒಣಗಿಸುವುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಅವಳು ಹರಡಿದ್ದು ವೀತೊ ಮಲಗುತ್ತಿದ್ದ ಪಕ್ಕದಲ್ಲಿ.

"ಅಣ್ಣನ ಜಾಗದಲ್ಲಿ!" ಎಂದು ಕಿರುಚಿದ ಸವೇರಿಯೊ ದುಪ್ಪಟಿಯನ್ನು ಹಿಡಿದೆಳೆದ. ಒಣಗಿದ ಹೂಗಳೆಲ್ಲ ನೆಲಕ್ಕೆ ಬಿದ್ದು ಒಡೆದವು. ಅವನು ಬೂಟುಗಾಲಿನಿಂದ ತುಳಿದ. ತುಳಿದದ್ದನ್ನೇ ಮತ್ತೆ ತುಳಿದ. ಮಿಮ್ಮಾ ಓಡಿಬಂದು ಅವನ ತೋಳಿಗೆ ಜೋತುಬಿದ್ದಳು. ಅವನು ಅವಳ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು ಅಡುಗೆಮನೆಗೆ ಎಳೆದುತಂದ. ಅವಳ ಮಂಡಿ ಹೊಸ್ತಿಲಿಗೆ ಬಡಿಯಿತು. ಒಲೆಯ ಮುಂದೆ ನಿಲ್ಲಿಸಿ, ಕತ್ತು ಹಿಡಿದು ಮುಖವನ್ನು ಬಾಣಲೆಯ ಮೇಲಕ್ಕೆ ಬಗ್ಗಿಸಿದ.

"ನೋಡು. ಎಣ್ಣೆ ಕಾದಿದೆಯಾ ನೋಡು. ಸರಿಯಾಗಿ ನೋಡು!"

ಹಬೆ ಕಣ್ಣಿಗೆ ಹೊಡೆಯಿತು. ಅವಳ ಹುಬ್ಬಿನ ಕೂದಲು ಸುಟ್ಟ ವಾಸನೆ ಬಂತು. ಅವನು ಇನ್ನೂ ಒತ್ತುತ್ತಿದ್ದ. ಮಿಮ್ಮಾಳ ಕೈ ಒಲೆಯ ಮೇಲೆ ತಡಕಾಡಿತು, ಪಾಕದ ಸೌಟಿನ ಹಿಡಿ ಸಿಕ್ಕಿತು. ಸೌಟನ್ನು ತುಂಬಿಸಿ ಹೆಗಲಮೇಲಿಂದ ಹಿಂದಕ್ಕೆ ಬೀಸಿದಳು.

ಕುದಿಯುವ ನೀರು ಬಿದ್ದರೆ ಜಾರಿಹೋಗುತ್ತದೆ. ಪಾಕ ಅಂಟಿಕೊಂಡು ಕೂರುತ್ತದೆ. ಸವೇರಿಯೊನ ಕಿವಿಯಿಂದ ಕತ್ತಿನವರೆಗೆ ಅದು ಅಂಟಿತು. ಅವನು ಕೂಗಿದ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿತು. ಒರೆಸಲು ಹೋದ ಕೈಗೂ ಮೆತ್ತಿಕೊಂಡಿತು, ಕೈಯ ಜೊತೆಗೆ ಕಿವಿಯ ತುದಿಯ ಚರ್ಮವೂ ಬಂತು. ಕಣ್ಣು ಕತ್ತಲಿಟ್ಟವನ ಹಾಗೆ ಮೇಜನ್ನು ತಡವಿ ಲಟ್ಟಣಿಗೆ ಎತ್ತಿಕೊಂಡ. ಮೊದಲ ಏಟನ್ನು ಮಿಮ್ಮಾ ಬಲಗೈ ಅಡ್ಡ ಕೊಟ್ಟು ತಡೆದಳು. ಮೂಳೆಗೆ ಬಿದ್ದ ಸದ್ದು. ಎರಡನೆಯದು ಹೆಗಲಿಗೆ. ಮೂರನೆಯದಕ್ಕೆ ಅವಳು ಒಲೆಯ ಬುಡದಲ್ಲಿ ಕುಸಿದಳು.

"ವೀತೊ ನಿನ್ನ ಸರಿಯಾಗಿ ಬಾರಿಸಲಿಲ್ಲ," ಅವನು ಏದುಸಿರು ಬಿಡುತ್ತಿದ್ದ. "ಗೋಡೆಯಾಚೆ ಕೂತು ಎಷ್ಟು ಸಲ ಅಂದ್ಕೊಂಡಿದೀನಿ, ಇಷ್ಟು ಸಾಲದು ಕಣೋ, ಇನ್ನೆರಡು ಹಾಕೋ ಅಂತ. ಅಮ್ಮಾ, ಒಂದೇ ಒಂದು ಮಾತು ಹೇಳು. ಇವಳನ್ನ ಈಗಲೇ ಎತ್ತಿ ಬೀದಿಗೆ ಬಿಸಾಕ್ತೀನಿ."

ಅರ್ಕಾಂಜೆಲಾ ಗೋಡೆಗೊರಗಿ ನಿಂತಿದ್ದಳು. ಮಗ ಹೊಡೆಯುವುದನ್ನು ಅವಳು ಕಣ್ಣಾರೆ ನೋಡಿದ್ದು ಇದೇ ಮೊದಲು. ವೀತೊ ಹೊಡೆಯುವಾಗಲೆಲ್ಲ ಅವಳು ತನ್ನ ಕೋಣೆಯಲ್ಲಿ ರೇಡಿಯೊದ ಜಪಮಾಲೆ ಪ್ರಾರ್ಥನೆಯನ್ನು ಜೋರು ಮಾಡಿಕೊಳ್ಳುತ್ತಿದ್ದಳು. ತನ್ನ ಗಂಡ ತನಗೆ ಹೊಡೆಯುತ್ತಿದ್ದಾಗ ತನ್ನ ಅತ್ತೆ ಹಸುಗಳಿಗೆ ಮೇವು ಹಾಕಲು ಎದ್ದು ಹೋಗುತ್ತಿದ್ದಳು. ಈಗ ಊರುಗೋಲಿನ ಮೇಲೆ ನಡೆಯುವವಳಿಗೆ ಬೇಗ ಜಾರಿಕೊಳ್ಳಲಾಗಲಿಲ್ಲ. ಎಲ್ಲವನ್ನೂ ನೋಡಬೇಕಾಯಿತು. ಅವಳಿಗೆ ಹೇಸಿಗೆಯಾಯಿತು, ಮಗನ ಮೇಲೆಯೋ ತನ್ನ ಮೇಲೆಯೋ ಬಿಡಿಸಿ ಹೇಳಲಾರದಂಥ ಹೇಸಿಗೆ.

"ಲಟ್ಟಣಿಗೆ ಕೊಡಿಲ್ಲಿ," ಎಂದು ಕೈ ಚಾಚಿದಳು.

ಅಮ್ಮನೂ ಎರಡು ಹಾಕುತ್ತಾಳೆಂದು ಸವೇರಿಯೊ ಕೊಟ್ಟ. ಮಿಮ್ಮಾ ತಲೆಯ ಮೇಲೆ ಎಡಗೈ ಅಡ್ಡ ಹಿಡಿದಳು. ಮುದುಕಿ ಲಟ್ಟಣಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಇಬ್ಬರ ನಡುವೆ ಬಂದು ನಿಂತಳು.

"ಈಗ ನಡಿ ನಿನ್ನ ಮನೆಗೆ."

"ಏನಂದೆ?"

"ಕಿವಿಗೂ ಪಾಕ ತುಂಬಿದೆಯಾ? ನಡಿ ಅಂದೆ."

"ಅಮ್ಮಾ, ನೀನೇ ತಾನೇ ಗೋಡೆ ಕುಟ್ಟಿದ್ದು! ನಿನ್ನ ಮಗ ಕಣಮ್ಮ ಸತ್ತಿರೋದು. ಅಳೋ ಮನೇಲಿ ಬಾಣಲೆ ಇಡ್ತಾರಾ ಯಾರಾದ್ರೂ?"

"ಅಳೋದು ನನ್ನ ಪಾಲು, ನಾನು ಸಾಯೋವರೆಗೂ ಅಳ್ತೀನಿ. ಇವಳು ತನ್ನ ಪಾಲಿಂದನ್ನ ಅವನು ಬದುಕಿದ್ದಾಗಲೇ ಅತ್ತು ಮುಗಿಸಿದಾಳೆ." ಅವಳು ಲಟ್ಟಣಿಗೆಯನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು. "ಮನೆ ನನ್ನದು. ಇವಳು ಇಲ್ಲೇ ಇರ್ತಾಳೆ. ಇನ್ನೊಂದು ಸಲ ಈ ಹೊಸ್ತಿಲೊಳಗೆ ಕೈ ಎತ್ತಿದರೆ ಆ ಬಾಣಲೆ ನಾನೇ ನಿನ್ನ ತಲೆ ಮೇಲೆ ಸುರೀತೀನಿ. ಹೆತ್ತ ಮಗ ಅಂತಾನೂ ನೋಡಲ್ಲ."

ಸವೇರಿಯೊ ಅವಳ ಮುಖವನ್ನೇ ನೋಡುತ್ತ ಹಿಂದೆ ಹಿಂದೆ ಸರಿದ. ಕತ್ತಿನ ಚರ್ಮ ಗುಳ್ಳೆಯೆದ್ದು ಹೊಳೆಯುತ್ತಿತ್ತು. ಅವನು ಹೋದಮೇಲೆ ಬಾಗಿಲು ತೆರೆದೇ ಇತ್ತು.

ಅರ್ಕಾಂಜೆಲಾ ಬಹಳ ಕಷ್ಟಪಟ್ಟು ನೆಲದ ಮೇಲೆ ಕೂತಳು. ಮಿಮ್ಮಾಳ ಬಲಗೈಗೆ ಮರದ ಸೌಟೊಂದನ್ನು ಆನಿಸಿ ಕೈ ಒರೆಸುವ ಬಟ್ಟೆಯಿಂದ ಬಿಗಿದು ಕಟ್ಟಿದಳು.

"ಡಾಕ್ಟರ ಹತ್ರ ಹೋಗಬೇಕು."

"ಹೋಗೋಣ. ಈ ಒಂದು ತಟ್ಟೆ ಕರಿದು ಹೋಗೋಣ."

"ನಿನ್ನ ಹಟಕ್ಕೆ ಬೆಂಕಿ ಬೀಳ." ಮುದುಕಿ ಬಯ್ದಳು. "ನಾನು ಕರಿಯಲ್ಲ, ತಿಳೀತಾ? ಅವನು ನನ್ನ ಮಗ. ಒಂದನ್ನೂ ಬಾಯಿಗೆ ಹಾಕಲ್ಲ."

"ಬೇಡಿ ಅತ್ತೆ. ನೀವು ತಟ್ಟೆ ಹಿಡ್ಕೊಂಡ್ರೆ ಸಾಕು."

ಮಿಮ್ಮಾ ಎಡಗೈಯಲ್ಲಿ ಒಂದೊಂದನ್ನೇ ಎಣ್ಣೆಗೆ ಬಿಟ್ಟಳು. ಸುಟ್ಟ ಹುಬ್ಬಿನ ಕೆಳಗೆ ಕಣ್ಣು ಊದಿಕೊಂಡು ಅರ್ಧ ಮುಚ್ಚಿತ್ತು. ಕೆಂಪಗಾದವನ್ನು ಮಗುಚಿ, ಎತ್ತಿ, ಎಣ್ಣೆ ಸೋರಲು ಬೋರಲು ಹಾಕಿದಳು. ಉಳಿದ ಪಾಕದಲ್ಲಿ ಅದ್ದಿದಳು. ಅಳು ಬಂತು, ನೋವಿಗೆ ಬಂದದ್ದು. ಅದನ್ನು ಅವಳು ತಡೆಯಲೂ ಇಲ್ಲ.

ಹೊರಗೆ ಗುಸುಗುಸು ಶುರುವಾಗಿತ್ತು. ಸವೇರಿಯೊನ ಕೂಗು ಕೇಳಿ ಹೆಂಗಸರು ಶಾಲು ಹೊದ್ದು ಬೀದಿಗೆ ಬಂದು ನಿಂತಿದ್ದರು. ವಾಸನೆ ಅವರಿಗೆ ಮೊದಲೇ ಮುಟ್ಟಿತ್ತು. ಯಾರೂ ಒಳಗೆ ಬರಲಿಲ್ಲ.

ಅರ್ಕಾಂಜೆಲಾ ಒಂದು ಬಿಳಿ ತಟ್ಟೆ ತೆಗೆದು ಐದಾರು ಕಾರ್ತೆಲ್ಲಾತೆ ಜೋಡಿಸಿದಳು. ಊರುಗೋಲು ಹಿಡಿದರೆ ತಟ್ಟೆ ಹಿಡಿಯಲಾಗುತ್ತಿರಲಿಲ್ಲ. ಊರುಗೋಲನ್ನು ಮೇಜಿಗೆ ಒರಗಿಸಿ, ಗೋಡೆಗೆ ಹೆಗಲುಜ್ಜಿಕೊಂಡು ಹೊಸ್ತಿಲು ದಾಟಿದಳು. ಮಿಮ್ಮಾ ಬಾಗಿಲಿನವರೆಗೆ ಹಿಂದೆ ಬಂದಳು.

ಮುದುಕಿ ರಫಯೆಲ್ಲಾಳ ಮುಂದೆ ನಿಂತು ತಟ್ಟೆ ಚಾಚಿದಳು.

"ತಗೊ. ನನ್ನ ಸೊಸೆ ಕರಿದದ್ದು."

ಸಾವಿನ ಮನೆಯಿಂದ ತಿರುಗಿ ಬಂದ ತಟ್ಟೆಯನ್ನು ರಫಯೆಲ್ಲಾ ನೋಡಿದಳು. ಅಕ್ಕಪಕ್ಕದವರ ಮುಖ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಮಿಮ್ಮಾಳ ಮುಖ ನೋಡಿ ಕಣ್ಣು ಕೆಳಗೆ ಹಾಕಿದಳು. ಡಿಸೆಂಬರಿನ ಚಳಿಗೆ ತಟ್ಟೆಯಿಂದ ಹಬೆ ಏಳುತ್ತಿತ್ತು. ಮುದುಕಿ ತಟ್ಟೆಯನ್ನು ಹಿಂದಕ್ಕೆ ಸರಿಸಲಿಲ್ಲ. ರಫಯೆಲ್ಲಾ ತನ್ನೆರಡೂ ಕೈಗಳನ್ನು ಏಪ್ರನ್ನಿಗೆ ನಿಧಾನವಾಗಿ ಒರೆಸಿಕೊಂಡಳು.