ನೋಡದೆ ಬರೆದ ಮುಖ

ಆ ಬೆಳಿಗ್ಗೆ ರೋಮ್ ಊರಿನ ಮೇಲೆ ತೆಂಕಣ ಗಾಳಿ ಎದ್ದಿತ್ತು. ಬೆಚ್ಚನೆಯ, ಅಂಟಂಟಾದ ಗಾಳಿ. ಬಟ್ಟೆ ಒಣಗದು, ಬಣ್ಣ ಒಣಗದು, ಜ್ವರದವರ ಬೆವರಂತೂ ಒಣಗುವ ಮಾತೇ ಇಲ್ಲ.

ಬೆಟ್ಟದ ಮೇಲಿನ ಒಂದು ಮಠದಿಂದ ಸನ್ಯಾಸಿಗಳನ್ನು ಊರು ಹಿಡಿದ ಸಿಪಾಯಿಗಳು ಎಂದೋ ಎಬ್ಬಿಸಿ ಕಳಿಸಿದ್ದರು. ಈಗ ಅಲ್ಲಿ ಜರ್ಮನ್ ಸೀಮೆಯ ಚಿತ್ರಕಾರರಿದ್ದರು. ಭುಜದವರೆಗೆ ಕೂದಲು ಬಿಟ್ಟು, ಪ್ರಾರ್ಥನೆ ಮುಗಿಸಿಯೇ ಕುಂಚ ಹಿಡಿಯುವ ಹರೆಯದವರು. ಗೆಳೆಯರಾದವರು ಒಬ್ಬರ ಮುಖವನ್ನೊಬ್ಬರು ಬರೆದು ಕೊಟ್ಟುಕೊಳ್ಳುವುದು ಅವರ ಕಟ್ಟಳೆ. ಎದುರಿಗೆ ಕೂರಿಸಿಕೊಂಡು ಬರೆಯುವಂತಿಲ್ಲ. ಕಣ್ಣು ಕಾಣುವುದು ದೇಹವನ್ನಷ್ಟೇ, ಆತ್ಮವನ್ನು ಹೃದಯವೇ ಕಾಣಬೇಕು ಎಂದು ನಂಬಿದ್ದರು.

ಲಾಂಬರ್ಟ್ ತನ್ನ ಗೆಳೆಯ ಓಟ್ಮಾರನ ಮುಖವನ್ನು ಕಳೆದ ಚಳಿಗಾಲದಲ್ಲೇ ಬರೆದುಕೊಟ್ಟಿದ್ದ. ಓಟ್ಮಾರ್ ಮಾತ್ರ ಗೆಳೆಯನ ಮುಖವನ್ನು ದೇವರೇ ಹೃದಯದಲ್ಲಿ ತೋರಿಸಲಿ ಎಂದು ಕಾಯುತ್ತಲೇ ಕೂತ. ಅಷ್ಟರಲ್ಲಿ ಲಾಂಬರ್ಟನಿಗೆ ಜೌಗು ಜ್ವರ ಹತ್ತಿತು. ಬದುಕುವುದಿಲ್ಲ ಎಂದು ವೈದ್ಯ ಹೇಳಿದ ಮೇಲೆ ಅವನಿಗಿದ್ದದ್ದು ಒಂದೇ ಆಸೆ. ಊರಲ್ಲಿರುವ ತಾಯಿಗೆ ತನ್ನ ಮುಖ ಹೋಗಿ ಸೇರಬೇಕು.

ಓಟ್ಮಾರ್ ಅವಸರದಲ್ಲಿ ಮುಗಿಸಿದ ಹಸಿ ಚಿತ್ರವನ್ನು ಮಂಚದ ಮುಂದೆ ಹಿಡಿದ. ಲಾಂಬರ್ಟ್ ಬಹಳ ಹೊತ್ತು ನೋಡಿದ.

"ಯಾರೋ ಇವನು? ಚೆನ್ನಾಗಿದಾನೆ. ಮದುವೆ ಆಗಿದ್ಯಾ ಇವನಿಗೆ?"

"ನೀನೇ ಕಣೋ. ಹೃದಯದಲ್ಲಿ ಹೀಗೇ ಕಂಡೆ."

"ನನ್ನ ಸೊಟ್ಟ ಮೂಗು ಎಲ್ಲಿ ಹೋಯ್ತು ಮಾರಾಯ? ಅಮ್ಮ ಇದನ್ನ ನೋಡಿದ್ರೆ ಯಾವುದೋ ಸಂತ ಅಂತ ದೀಪ ಹಚ್ತಾಳೆ. ಮಗ ಅಂತ ಅಳಲ್ಲ."

ಸಾರು ತಂದ ಅಡುಗೆಯ ಅಸ್ಸುಂತಾ ಬಾಗಿಲಲ್ಲೇ ನಿಂತು, "ನೋಡಿ ಬರಿಯೋಕೇನು ಧಾಡಿ ನಿಮಗೆ? ಕಣ್ಣು ಮುಚ್ಕೊಂಡು ಸಂತೇಲಿ ಕೋಳಿ ಆರಿಸ್ತೀನಾ ನಾನು?" ಎಂದಳು.

"ನೀನು ಸುಮ್ನಿರಮ್ಮ," ಎಂದ ಓಟ್ಮಾರ್. ಆದರೂ ಕಟ್ಟಳೆ ಮುರಿದು, ಸೀಸದ ಕಡ್ಡಿ ಹಿಡಿದು, ಗೆಳೆಯನ ಎದುರಿಗೆ ಕುಳಿತ.

ನೋಡಿದ. ಹಳದಿ ತಿರುಗಿದ ಚರ್ಮ, ಒಳಸೇರಿದ ಕೆನ್ನೆ, ಒಡೆದ ತುಟಿ. ಅದು ಜ್ವರದ ಮುಖ, ಲಾಂಬರ್ಟನದಲ್ಲ. ಹೋದ ವರ್ಷದ ಮುಖವನ್ನು ನೆನೆದುಕೊಳ್ಳಹೋದರೆ ತಾನೇ ಬರೆದ ಆ ಸಂತ ಬಂದು ಅಡ್ಡ ನಿಂತ. ಒಂದೇ ಮೇಜಿನಲ್ಲಿ ರೊಟ್ಟಿ ಮುರಿದು ತಿಂದವರಾದರೂ, ಲಾಂಬರ್ಟ್ ನಕ್ಕರೆ ಯಾವ ಕೆನ್ನೆ ಮೊದಲು ಮಡಿಚಿಕೊಳ್ಳುತ್ತಿತ್ತು ಎಂಬುದೂ ಓಟ್ಮಾರನಿಗೆ ಗೊತ್ತಿರಲಿಲ್ಲ. ದೇವರೇ ತೋರಿಸು ಎಂದು ಕಣ್ಣು ಮುಚ್ಚಿದ. ಏನೂ ಕಾಣಲಿಲ್ಲ.

"ಸಿಕ್ತಾ?" ಲಾಂಬರ್ಟ್ ಕೇಳಿದ.

"ಇಲ್ಲ ಕಣೋ."

"ಹ್ಞೂಂ," ಎಂದು ಲಾಂಬರ್ಟ್ ಗೋಡೆಯ ಕಡೆ ಹೊರಳಿದ.

ಪ್ರತಿಯಾಗಿ ಕೊಡಲಾಗದವನು ಪಡೆದದ್ದನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದೂ ಅವರ ಕಟ್ಟಳೆಯೇ. ಓಟ್ಮಾರ್ ತನ್ನ ಕೋಣೆಗೆ ಹೋಗಿ, ಲಾಂಬರ್ಟ್ ಬರೆದುಕೊಟ್ಟಿದ್ದ ತನ್ನ ಮುಖದ ಚಿತ್ರವನ್ನು ಮೊಳೆಯಿಂದ ಇಳಿಸಿ ತಂದ. ಗೆಳೆಯನ ಕೈಗೆ ಹಿಂದಿರುಗಿಸಿ ಕೊಟ್ಟ. ಲಾಂಬರ್ಟ್ ಬೇಡ ಎನ್ನಲಿಲ್ಲ.